ಚಂದ್ರಾಬಾಯಿಯನ್ನು ಮಾತಾಡಿಸಲು ಬಂದವರು

ನಮ್ಮ ಕಡೆ ಒಂದು ಮನೆಯಲ್ಲಿ ಯಾರಿಗಾದರೂ ಜಡ್ಡಾದರೆ ಊರಿಗೆಲ್ಲ ಚಹಾ ಸಿಗುತ್ತದೆ. ಜ್ವರ ಬಂದವರನ್ನು, ಕಾಲು ಮುರಿದವರನ್ನು, ಹೆರಿಗೆಯಾದವರನ್ನು ಹೋಗಿ ಮಾತಾಡಿಸದಿದ್ದರೆ ಅದು ದೊಡ್ಡ ತಪ್ಪು. ಮಾತಾಡಿಸಲು ಬಂದವರಿಗೆ ಕಪ್ಪು ಬಸಿ ತುಂಬಿ ಚಹಾ ಕೊಡದಿದ್ದರೆ ಅದು ಇನ್ನೂ ದೊಡ್ಡ ತಪ್ಪು. ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಜಡ್ಡಾದವಳು ಆ ಮನೆಯ ಸೊಸೆಯೇ ಆಗಿದ್ದರೆ ಚಹಾ ಯಾರು ಮಾಡಬೇಕು ಎಂಬುದನ್ನು ನಮ್ಮ ಹಿರಿಯರು ಯೋಚಿಸಿದಂತೆ ಕಾಣುವುದಿಲ್ಲ. ಅವಳೇ ಎದ್ದು ಮಾಡುತ್ತಾಳೆ.

ನನ್ನ ನೆಗೆಣ್ಣಿ ಚಂದ್ರಾಬಾಯಿ ಎರಡು ವರ್ಷ ಹಾಗೆಯೇ ಮಾಡಿದಳು. ಅವಳಿಗೆ ಬಂದದ್ದು ಬದುಕೇ ಬೇಡವಾಗುವ ರೋಗ. ಅದನ್ನು ವಿಚಾರಿಸಲು ಬಂದವರಿಗೆಲ್ಲ ತಾನೇ ಒಲೆ ಹಚ್ಚಿ, ಹಾಲು ಕಾಸಿ, ಚಹಾ ಸೋಸಿ, ಸೆರಗು ತಲೆಯ ಮೇಲೆ ಎಳೆದುಕೊಂಡು ತಂದು ಕೊಟ್ಟಳು.

ನಾನು ಕೌಶಲ್ಯಾ, ಆ ಮನೆಯ ಹಿರಿಯ ಸೊಸೆ. ಝರಾಸಂಗಂ ಪಕ್ಕದ ಹಳ್ಳಿಯಲ್ಲಿ ನಮ್ಮ ಮಾವ ಶಂಕ್ರೆಪ್ಪನವರಿಗೆ ಕಬ್ಬು, ತೊಗರಿ ಬೆಳೆಯುವ ಹೊಲವಿತ್ತು, ಅತ್ತೆ ಹಣಮಮ್ಮನವರಿಗೆ ನಾಲಿಗೆಯಿತ್ತು. ಹೊಲ ಒಂದೊಂದು ವರ್ಷ ಕೈ ಕೊಡುತ್ತಿತ್ತು. ಗಂಡುಮಕ್ಕಳು ಇಬ್ಬರು: ಹಿರಿಯರು ನಮ್ಮವರು, ಕಿರಿಯವನು ಚಂದ್ರಾಳ ಗಂಡ ಈಶಪ್ಪ. ಈಶಪ್ಪ ಕೆಟ್ಟವನಲ್ಲ. ಯಾವುದಕ್ಕಾದರೂ ಒಂದು ಅಭಿಪ್ರಾಯ ಬೇಕಾದಾಗ ಅಪ್ಪನ ಮುಖ ನೋಡುತ್ತಿದ್ದ, ಅಲ್ಲಿ ಸಿಗದಿದ್ದರೆ ಅವ್ವನ ಮುಖ ನೋಡುತ್ತಿದ್ದ, ಅಷ್ಟೇ.

ಚಂದ್ರಾ ತಾಂಡೂರಿನ ಆಚೆಯ ಬಶೀರಾಬಾದಿನವಳು. ಬಂದ ಹೊಸದರಲ್ಲಿ ಅವಳ ಬಾಯಿಗೆ ಬಿಡುವೇ ಇರಲಿಲ್ಲ. ರೊಟ್ಟಿ ಬಡಿಯುತ್ತ ಮಾತು, ಬಾವಿಗೆ ಕೊಡ ಇಳಿಸುತ್ತ ನಗು. ಸೊಸೆಯ ಹಲ್ಲು ಓಣಿಗೆ ಕಾಣಬಾರದು ಎಂದು ಅತ್ತೆ ಹೇಳಿ ಹೇಳಿ ಸೋತಿದ್ದರು. ಆಮೇಲೆ ಊರಿಗೆ ಕರೆಂಟು ಬಂದ ವರ್ಷದ ಮಳೆಗಾಲದಲ್ಲಿ ಅವಳ ಮಾತು ಕಡಿಮೆಯಾಯಿತು, ನಗು ನಿಂತಿತು, ಊಟ ಅರ್ಧಕ್ಕಿಳಿಯಿತು. ಏನು ಹೇಳಿದರೂ ಹೂಂ ಎನ್ನತೊಡಗಿದಳು. ನಮ್ಮ ಮನೆಯವರು ಇದನ್ನು ರೋಗ ಅಂದುಕೊಳ್ಳಲಿಲ್ಲ, ಸಂಸ್ಕಾರ ಅಂದುಕೊಂಡರು. ಸಣ್ಣ ಸೊಸೆ ಈಗ ದಾರಿಗೆ ಬಂದಿದ್ದಾಳೆ, ಎದುರು ಒಂದು ಮಾತಿಲ್ಲ ಎಂದು ಅತ್ತೆ ಕಟ್ಟೆಯ ಮೇಲೆ ಕೂತು ಹೇಳಿಕೊಂಡರು. ಹಾಗೆ ಹೇಳುವಾಗ ನನ್ನ ಕಡೆ ಒಮ್ಮೆ ನೋಡುತ್ತಿದ್ದರು, ನನಗೂ ಅದೇ ರೋಗ ಯಾವಾಗ ಬರುವುದೋ ಎಂಬ ಆಸೆಯಿಂದ.

ಒಂದು ಬೆಳಿಗ್ಗೆ ಹಿತ್ತಲ ಬಾವಿಯ ದಂಡೆಯ ಮೇಲೆ ಅವಳು ಕೊಡವಿಲ್ಲದೆ ನಿಂತಿದ್ದಳು. ನಾನು ಓಡಿಹೋಗಿ ರಟ್ಟೆ ಹಿಡಿದೆ. ಅವಳು ಬಿಡಿಸಿಕೊಳ್ಳಲಿಲ್ಲ, ಅಳಲೂ ಇಲ್ಲ.

“ಅಕ್ಕಾ, ಇದರಾಗ ಬಿದ್ರ ನೀರು ಕೆಡ್ತದ. ಮನ್ಯಾಗ ಎಲ್ಲಾರೂ ಇದೇ ನೀರು ಕುಡೀತಾರ. ಅದಕ್ಕ ಸುಮ್ನ ನಿಂತೀನಿ” ಎಂದಳು.

ಸಾಯಬೇಕು ಅನ್ನಿಸಿದವಳಿಗೂ ಮನೆಯವರ ಕುಡಿಯುವ ನೀರಿನ ಚಿಂತೆ. ನನಗೆ ಸಿಟ್ಟು ಬಂತು, ಅವಳ ಮೇಲಲ್ಲ. ಅವಳನ್ನು ಉಳಿಸಿಕೊಳ್ಳಬೇಕು ಎಂಬ ಒಂದೇ ಮಾತು ಅಂದಿನಿಂದ ನನ್ನ ತಲೆಯಲ್ಲಿ ಕೂತಿತು. ಮನೆಯಲ್ಲಿ ಎಲ್ಲರ ಎದುರು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಾವ, ನಾಳೆ ಜಹೀರಾಬಾದಿನ ಡಾಕ್ಟರಿಗೆ ತೋರಿಸಿ, ಆದರೆ ತಲೆನೋವು ಅಂತ ಹೇಳಿ ಎಂದರು.

ಡಾಕ್ಟರಿಗೆ ನಾನು ತಲೆನೋವು ಎನ್ನಲಿಲ್ಲ, ಬಾವಿಯ ವಿಷಯವನ್ನೇ ಹೇಳಿದೆ. ಅವರು ಒಳ್ಳೆಯ ಮನುಷ್ಯ, ಉರ್ದು ಬೆರೆಸಿ ಮಾತಾಡುವವರು. ಇದು ಉದಾಸಿಯ ರೋಗ, ಸೋಮಾರಿತನವಲ್ಲ, ದೆವ್ವವೂ ಅಲ್ಲ ಎಂದು ಈಶಪ್ಪನಿಗೆ ತಿಳಿಸಿ ಹೇಳಿ, ಬಿಳಿ ಗುಳಿಗೆ ಬರೆದುಕೊಟ್ಟರು. ಗುಳಿಗೆಯಿಂದ ಅವಳ ಬಾಯಿ ಒಣಗಿತು, ನಿದ್ದೆ ಬಂತು, ಕೈ ಸಣ್ಣಗೆ ನಡುಗತೊಡಗಿತು. ಮನಸ್ಸು ಮಾತ್ರ ಇದ್ದಲ್ಲೇ ಇತ್ತು. ಡಾಕ್ಟರು ಗುಳಿಗೆ ಹೆಚ್ಚಿಸಿದರು, ಆಮೇಲೆ ಅದನ್ನು ಬಿಡಿಸಿ ಹಳದಿಯದು ಕೊಟ್ಟರು, ಅದನ್ನೂ ಹೆಚ್ಚಿಸಿದರು. ಒಂದು ವರ್ಷ ಅವಳು ಒಂದು ಹೊತ್ತೂ ತಪ್ಪಿಸದೆ ನುಂಗಿದಳು.

ಇಷ್ಟರಲ್ಲಿ ಸುದ್ದಿ ಹೊರಗೆ ಹೋಯಿತು, ಮಾತಾಡಿಸುವವರು ಬರತೊಡಗಿದರು. ಮೊದಲು ಓಣಿಯವರು, ಆಮೇಲೆ ಸುತ್ತಲ ಹಳ್ಳಿಯ ಬೀಗರು, ಕಡೆಗೆ ಬೀಗರ ಬೀಗರು. ಬಿಸ್ಕೀಟಿನ ಪುಡಿಕೆ ಕಟ್ಟೆಯ ಮೇಲಿಟ್ಟು ಕೂತು, ಚಂದ್ರಾಳನ್ನು ಹೊರಗೆ ಕರೆಸಿ, ಹೇಗಿದ್ದೀ ಎಂದು ಕೇಳುತ್ತಿದ್ದರು. ಅವಳು ಉತ್ತರ ಹುಡುಕುವುದರೊಳಗೆ ತಮ್ಮ ಮೊಣಕಾಲಿನ ಕಥೆ ಶುರು ಮಾಡುತ್ತಿದ್ದರು. ಅದು ಮುಗಿದ ಮೇಲೆ ಎಲ್ಲರದೂ ಒಂದೇ ಮಾತು: ನಿನಗೇನು ಕಡಿಮೆ ಆಗಿದೆ, ಗಂಡನಿದ್ದಾನೆ, ಹೊಲವಿದೆ, ಮನೆಯಲ್ಲಿ ದೀಪ ಬಂದಿದೆ, ನಗುತ್ತ ಇರಬೇಕು. ಚಂದ್ರಾ ಹೂಂ ಎಂದು ಒಳಗೆ ಬಂದು ಒಲೆ ಹಚ್ಚುತ್ತಿದ್ದಳು.

ಮಾತಿನಿಂದ ಏನೂ ತಿಳಿಯದ ಕಾರಣ ಜನ ಚಹಾದಿಂದ ರೋಗ ಅಳೆಯತೊಡಗಿದರು. ಚಹಾ ಖಡಕ್ಕಾಗಿದ್ದರೆ ತಬಿಯತ್ತು ಸುಧಾರಿಸಿದೆ, ಸಕ್ಕರೆ ಕಡಿಮೆಯಿದ್ದರೆ ರೋಗ ತಿರುಗಿದೆ. ಇದು ಊರಿಂದ ಊರಿಗೂ ಹಬ್ಬಿತು. ಅವಳಿಗೆ ಮೇಲೇಳಲೂ ಆಗದ ದಿನ ನಾನೇ ಮಾಡಿ ಕಳಿಸುತ್ತಿದ್ದೆ. ನಾನು ಶುಂಠಿ ಜಜ್ಜಿ ಹಾಕುವವಳು. ಆ ದಿನ ಬಂದವರು ಹುಡುಗಿ ಪೂರಾ ಆರಾಮಾಗಿದ್ದಾಳೆ ಎಂದು ಸಾರಿಕೊಂಡು ಹೋಗುತ್ತಿದ್ದರು, ಅವಳು ಒಳಗಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಇದನ್ನು ನಾನು ಅತ್ತೆಗೆ ಬಿಡಿಸಿ ಹೇಳಿದೆ. ಹಾಗಾದರೆ ದಿನಾ ನೀನೇ ಶುಂಠಿ ಹಾಕು, ಬೀಗರ ಬಾಯಿಯಾದರೂ ಮುಚ್ಚಲಿ ಎಂದರು.

ಬಂದವರಲ್ಲಿ ದೊಡ್ಡವರೆಂದರೆ ಮನೂರಿನ ಲಚ್ಚಮ್ಮ, ನಮ್ಮ ಅತ್ತೆಯ ಅಕ್ಕ. ಅವರಿಗೆ ಗೊತ್ತಿಲ್ಲದ ಔಷಧ ಇರಲಿಲ್ಲ, ಅವರಿಂದ ವಾಸಿಯಾದವರನ್ನು ಮಾತ್ರ ನಾನು ಇನ್ನೂ ನೋಡಬೇಕಾಗಿದೆ. ಚಂದ್ರಾಳನ್ನು ನಾರಾಯಣಖೇಡದಲ್ಲಿ ಮೈಮೇಲೆ ದೇವಿ ಬರುವ ಒಬ್ಬ ಹೆಂಗಸಿನ ಹತ್ತಿರ ಕರೆದುಕೊಂಡು ಹೋದರು. ದೇವಿ ಬಂದು, ಈಕೆಗೆ ತವರಿನ ದೃಷ್ಟಿ ತಾಗಿದೆ, ತವರಿಗೆ ಕಳಿಸಬೇಡಿ ಎಂದು ಹೇಳಿ ಹೋಯಿತು. ಸೊಸೆಯಂದಿರ ವಿಷಯದಲ್ಲಿ ದೇವಿಗೂ ಅತ್ತೆಯಂದಿರಿಗೂ ಯಾವಾಗಲೂ ಒಂದೇ ಅಭಿಪ್ರಾಯವಿರುವುದು ನನಗೆ ಬಹಳ ಸಲ ಆಶ್ಚರ್ಯ ತಂದಿದೆ. ಆಮೇಲೆ ತಾಂಡೂರಿನ ಹಕೀಮರ ಲೇಹ್ಯ ಬಂತು, ಬಾದಾಮಿ, ತುಪ್ಪ, ಏನೇನೋ ಬೇರು ಹಾಕಿದ್ದು. ಚಂದ್ರಾ ಎರಡು ಚಮಚ ತಿಂದಳು. ಮಿಕ್ಕದ್ದು ಕೆಟ್ಟುಹೋಗಬಾರದೆಂದು ಮಾವ ತಿಂದರು. ಅವರಿಗೆ ಹಸಿವು ಹೆಚ್ಚಿತು, ಮುಖಕ್ಕೆ ಕಳೆ ಬಂತು, ಹಕೀಮರ ಕೈಗುಣ ದೊಡ್ಡದು ಎಂದು ಊರಲ್ಲಿ ಹೊಗಳಿದರು.

ಆ ಬೇಸಿಗೆಯಲ್ಲಿ ಚಂದ್ರಾ ಮತ್ತೆ ಬಾವಿಯ ಕಡೆ ಹೋದಳು. ನಾನು ಅವಳನ್ನೂ ಈಶಪ್ಪನನ್ನೂ ಎಳೆದುಕೊಂಡು ಜಹೀರಾಬಾದಿಗೆ ಹೋದೆ. ಡಾಕ್ಟರು ಬಹಳ ಹೊತ್ತು ಅವಳ ಜೊತೆ ಮಾತಾಡಿ, ಹೊರಗೆ ಬಂದು ನಮ್ಮನ್ನು ಕೂರಿಸಿಕೊಂಡರು. ನನ್ನ ಗುಳಿಗೆ ಇವಳಿಗೆ ಹತ್ತಲಿಲ್ಲ ಎಂದು ಒಪ್ಪಿಕೊಂಡರು. ಗುಳಿಗೆ ಸೋತರೆ ದಾರಿ ಮುಚ್ಚಿತು ಅಂತಲ್ಲ ಎಂದೂ ಹೇಳಿದರು. ಹೈದರಾಬಾದಿನ ದೊಡ್ಡ ಆಸ್ಪತ್ರೆಯಲ್ಲಿ ಬೇರೆ ಜಾತಿಯ ಗುಳಿಗೆ ಇದೆ, ಇದಕ್ಕೇ ಕಲಿತವರು ವಾರ ವಾರ ಕೂರಿಸಿಕೊಂಡು ಅವಳ ಮಾತು ಕೇಳುವ ಪದ್ಧತಿಯೂ ಇದೆ. ಆದರೆ ಇವಳು ಬಾವಿಯವರೆಗೆ ಹೋಗಿದ್ದಾಳೆ, ಅವೆಲ್ಲ ಫಲ ಕೊಡುವವರೆಗೆ ಕಾಯಲು ನನಗೆ ಧೈರ್ಯವಿಲ್ಲ. ಇನ್ನೊಂದು ದಾರಿಯಿದೆ, ಅಲ್ಲಿಯೇ ನಿದ್ದೆ ಮಾಡಿಸಿ ತಲೆಗೆ ಸ್ವಲ್ಪ ಕರೆಂಟು ಕೊಡುತ್ತಾರೆ, ಒಂದೆರಡು ಗಳಿಗೆಯ ಕೆಲಸ, ಕೆಲವು ಸಲ ಕೊಡಬೇಕಾಗುತ್ತದೆ. ಸ್ವಲ್ಪ ದಿನ ಮರೆವು ಇರುತ್ತದೆ. ಇವಳಿಗೆ ಮೊದಲು ಅದೇ ಆಗಲಿ ಎಂದರು. ಚಂದ್ರಾ ಹೂಂ ಎಂದಳು. ಈಶಪ್ಪ ಅಪ್ಪನನ್ನು ಕೇಳುತ್ತೇನೆ ಎಂದ.

ಮನೆಯಲ್ಲಿ ಇದರ ವಿಚಾರಣೆ ನಡೆಯಿತು. ಲಚ್ಚಮ್ಮನವರೂ ಬಂದಿದ್ದರು. ಬೇರೆ ಗುಳಿಗೆಯ ಮಾತು ಬಂದಾಗ ಮಾವ, ಬೇರೆಯದು ಇದ್ದ ಮೇಲೆ ಒಂದು ವರ್ಷ ಇದನ್ನೇಕೆ ನುಂಗಿಸಿದ ಎಂದು ಕೇಳಿ ಡಾಕ್ಟರನ್ನೇ ತಪ್ಪಿತಸ್ಥನನ್ನಾಗಿ ಮಾಡಿದರು. ಮಾತು ಕೇಳುವ ಪದ್ಧತಿಗೆ ಅತ್ತೆ ನಕ್ಕುಬಿಟ್ಟರು.

“ಮಾತಾಡ್ಸಾಕ ಹೈದರಾಬಾದಿಗಿ ಯಾಕ ಹೋಗ್ಬೇಕು? ದಿನಾ ಮಂದಿ ಬಂದು ಇಲ್ಲೇ ಮಾತಾಡ್ಸಿ ಹೋಗ್ತಾರಲ್ಲ.”

ಆ ಮಂದಿಯಲ್ಲಿ ಒಬ್ಬರೂ ಅವಳ ಒಂದು ಮಾತನ್ನು ಕೊನೆಯವರೆಗೆ ಕೇಳಿಸಿಕೊಂಡದ್ದಿಲ್ಲ ಎಂದು ನಾನು ಹೇಳಿದೆ. ಹಿರಿಯರ ನಡುವೆ ಬಾಯಿ ಹಾಕಬೇಡ ಎಂದು ನಮ್ಮವರು ಸನ್ನೆ ಮಾಡಿದರು.

ಕರೆಂಟಿನ ಮಾತಿಗೆ ಮಾತ್ರ ಎಲ್ಲರೂ ಹೌಹಾರಿದರು. ನಮ್ಮ ಊರಿಗೆ ಕರೆಂಟು ಬರಲಿ ಎಂದು ಮಾವ ಸಂಗಾರೆಡ್ಡಿ ಪಟ್ಟಣದ ಕಚೇರಿಗೆ ಚಪ್ಪಲಿ ಸವೆಯುವಷ್ಟು ತಿರುಗಿದ್ದರು. ಮೊದಲ ಕಂಬ ನೆಟ್ಟಾಗ ಅತ್ತೆ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಕೈ ಮುಗಿದಿದ್ದರು. ಈಗ ಅದೇ ಕರೆಂಟು ರಾಕ್ಷಸನಾಯಿತು. ಸುದ್ದಿ ತಿಳಿದರೆ ಮುಂದೆ ಈ ಮನೆಗೆ ಹೆಣ್ಣು ಕೊಡುವವರಾರು ಎಂದರು ಲಚ್ಚಮ್ಮ. ಮನೆಯಲ್ಲಿ ಮದುವೆಯಾಗಬೇಕಾದ ಗಂಡು ಒಬ್ಬನೂ ಉಳಿದಿರಲಿಲ್ಲ. ಬಾವಿಯ ಮಾತನ್ನು ನಾನು ಮತ್ತೆ ಎತ್ತಿದೆ. ಹಾಗಾದರೆ ಬಾವಿಗೆ ಮುಚ್ಚಳ ಮಾಡಿಸೋಣ ಎಂದರು ಮಾವ.

ನಾನು ಪಟ್ಟು ಬಿಡದಿದ್ದಾಗ ಅವರಿಗೆ ಒಂದು ಉಪಾಯ ಹೊಳೆಯಿತು. ಕರೆಂಟೇ ಕೊಡಬೇಕೆಂದಾದರೆ ನಮ್ಮ ಕಂಬದಲ್ಲಿ ಇರುವುದೂ ಕರೆಂಟೇ ತಾನೇ, ಹೈದರಾಬಾದು ಯಾಕೆ, ಹೊರಗೆ ಸುದ್ದಿ ಯಾಕೆ? ಲೈನ್‌ಮನ್ ನರಸಿಂಹುಲುವನ್ನು ಕರೆಸಿದರು. ನಾನು ಎದೆ ಹಿಡಿದುಕೊಂಡು ಬಾಗಿಲಲ್ಲಿ ನಿಂತೆ. ಅವನು ಕಟ್ಟೆಯ ಮೇಲೆ ಕೂತು, ಚಂದ್ರಾಳೇ ಮಾಡಿಕೊಟ್ಟ ಚಹಾ ಕುಡಿಯುತ್ತ, ಅವಳನ್ನು ಮೇಲಿಂದ ಕೆಳಗೆ ನೋಡಿ ಗಂಭೀರವಾಗಿ ಯೋಚಿಸಿದ.

“ಮೋಟರಿನ ಮೂರು ಫೇಜು ಈಕಿಗಿ ತಾಳಂಗಿಲ್ಲ ಪಟೇಲಾ. ಮನಿ ಲೈನಿಂದು ಒಂದು ಫೇಜು ಸಾಕು. ಆದ್ರ ನಮ್ಮ ಸಾಹೇಬ್ರ ಪರ್ಮಿಷನ್ ಬೇಕು, ಅದು ಲಗೂನ ಬರಂಗಿಲ್ಲ” ಎಂದ.

ಸರ್ಕಾರಿ ಪರವಾನಗಿ ತಡವಾದದ್ದರಿಂದ ಒಂದು ಜೀವ ಉಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮರುದಿನವೇ ತಾಂಡೂರು ಬಸ್ಸಿನ ಕಂಡಕ್ಟರನ ಕೈಯಲ್ಲಿ ಚಂದ್ರಾಳ ಅಣ್ಣ ಕಾಶಿರಾಮನಿಗೆ ಹೇಳಿಕಳಿಸಿದೆ: ಪಂಚಮಿಗೆ ತಂಗಿಯನ್ನು ಕರೆಯಲು ಬಾ, ಬರುವ ಮೊದಲು ಜಹೀರಾಬಾದಿನಲ್ಲಿ ಇಳಿದು ಡಾಕ್ಟರನ್ನು ಕಂಡು ಬಾ.

ನಾಗರ ಪಂಚಮಿಗೆ ಅಣ್ಣ ಉಂಡಿಯ ಬುಟ್ಟಿ ಹಿಡಿದು ಬಂದರೆ ತಂಗಿಯನ್ನು ಕಳಿಸದೆ ಇರುವ ಹಾಗಿಲ್ಲ. ದೇವಿ ಬೇಡವೆಂದಿದ್ದರೂ ಅಷ್ಟೇ, ದೇವಿಗಿಂತ ಊರು ದೊಡ್ಡದು. ಕಾಶಿರಾಮ ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡಿಸುವ ಕಡೆ ಕೂಲಿಗಳ ಮೇಲೆ ಮುಕಾದಮನಾಗಿದ್ದ, ಮೈಯೆಲ್ಲ ಬಿಳಿ ಧೂಳಿನ ಮನುಷ್ಯ. ಡಾಕ್ಟರನ್ನು ಕಂಡು ಬಂದಿದ್ದ. ತಂಗಿಯನ್ನು ನೋಡಿ ಅಡಿಗೆಮನೆಯಲ್ಲಿ ನನ್ನ ಎದುರು ಅತ್ತ, ಹೊರಗೆ ಹೋಗಿ ಮಾವನ ಎದುರು ನಗುತ್ತ ಜೋಕಾಲಿಯ ಮಾತಾಡಿದ. ಇಬ್ಬರೂ ಹೊರಟರು. ಜೋಕಾಲಿ ಆಡಲು ತವರಿಗೆ ಹೋದ ಚಂದ್ರಾ ತಾಂಡೂರಿನಲ್ಲಿ ರೈಲು ಹತ್ತಿ ಹೈದರಾಬಾದಿನ ಆಸ್ಪತ್ರೆ ಸೇರಿದಳು.

ಅಲ್ಲಿ ನಡೆದದ್ದನ್ನು ಕಾಶಿರಾಮ ಆಮೇಲೆ ನನಗೆ ಹೇಳಿದ. ಡಾಕ್ಟರು ತೆಲುಗಿನಲ್ಲಿ ಕೇಳಿದರೆ ಹೂಂ ಎಂದಳಂತೆ, ಉರ್ದುವಿನಲ್ಲಿ ಕೇಳಿದರೂ ಹೂಂ. ಕನ್ನಡ ಬಲ್ಲ ಒಬ್ಬ ಆಯಾಳನ್ನು ಹುಡುಕಿ ಕರೆತಂದರೆ ಅವಳಿಗೂ ಹೂಂ. ಎರಡು ಸಲ ಕರೆಂಟು ಕೊಟ್ಟಾಗಲೂ ಹಾಗೆಯೇ ಇದ್ದಳು. ಮೂರನೆಯದು ಕೊಟ್ಟ ದಿನ ಮಧ್ಯಾಹ್ನ ಎದ್ದು ಕೂತು, ಹೊರಗೆ ಮಳೆ ಬರುತ್ತಿದೆಯಾ ಎಂದು ಕೇಳಿದಳಂತೆ. ಎರಡು ವರ್ಷದಲ್ಲಿ ಅವಳಾಗಿಯೇ ಕೇಳಿದ ಮೊದಲ ಪ್ರಶ್ನೆ ಅದು. ಅವನು ಹೊರಗೆ ಓಡಿಹೋಗಿ ನೋಡಿ, ತೋಯ್ದುಕೊಂಡೇ ಬಂದು, ಹೌದು ಬರುತ್ತಿದೆ ಎಂದು ಹೇಳಿದನಂತೆ.

ಗುಟ್ಟು ಬಹಳ ದಿನ ಉಳಿಯಲಿಲ್ಲ. ಆ ಆಸ್ಪತ್ರೆಯ ಗೇಟಿನಲ್ಲಿ ಚಂದ್ರಾಳನ್ನು ಕಂಡೆ ಎಂದು ಮನೂರಿನ ಒಬ್ಬ ಮನುಷ್ಯ ಲಚ್ಚಮ್ಮನವರಿಗೆ ಹೇಳಿದ. ಅವನು ಅಲ್ಲಿಗೆ ಯಾಕೆ ಹೋಗಿದ್ದ ಎಂದು ಯಾರೂ ಕೇಳಲಿಲ್ಲ. ಲಚ್ಚಮ್ಮ ಸಿಕ್ಕ ಬಸ್ಸು ಹಿಡಿದು ಬಂದು ಕಟ್ಟೆ ಹತ್ತುವ ಮೊದಲೇ ಸುದ್ದಿ ಕಕ್ಕಿದರು. ನಮ್ಮ ಮಾವನಿಗೆ ಸೊಸೆಯ ರೋಗಕ್ಕಿಂತ ಪಂಚಮಿಯ ಹೆಸರಿನಲ್ಲಿ ಮೋಸವಾದದ್ದು ದೊಡ್ಡದಾಯಿತು. ನನ್ನನ್ನು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಕಥೆ ಉದ್ದವಾಗುತ್ತದೆ. ಅವಳನ್ನು ಮನೆಗೆ ಕರೆತರಲು ಈಶಪ್ಪನನ್ನು ಹೈದರಾಬಾದಿಗೆ ಓಡಿಸಿದರು. ಅಲ್ಲಿನ ಡಾಕ್ಟರು ಅವನಿಗೆ, ಅರ್ಧ ಮಾತ್ರ ಆಗಿದೆ, ಇನ್ನು ಅಷ್ಟೇ ಸಲ ಕೊಡಬೇಕು, ಈಗ ನಿಲ್ಲಿಸಿದರೆ ಹಿಂದಿನಂತೆಯೇ ಆಗಬಹುದು, ಬೇಡ ಎಂದರಂತೆ. ಈಶಪ್ಪ ಸುತ್ತ ನೋಡಿದ. ಅಪ್ಪನ ಮುಖ ಅಲ್ಲಿರಲಿಲ್ಲ, ಆದರೆ ಅಪ್ಪನ ಮಾತು ನೆನಪಿತ್ತು. ಬರುವ ಸೋಮವಾರವಾದರೂ ವಾಪಸು ಕರೆತನ್ನಿ ಎಂದು ಹೇಳಿ ಡಾಕ್ಟರು ಕಳಿಸಿಕೊಟ್ಟರು.

ಚಂದ್ರಾ ಗುರುವಾರ ಮನೆಗೆ ಬಂದಳು. ನನ್ನನ್ನು ನೋಡಿ ಅಕ್ಕಾ ಎಂದಳು. ಮುಖ ಸೊರಗಿತ್ತು, ಕಣ್ಣಲ್ಲಿ ಮಾತ್ರ ಯಾರೋ ಇದ್ದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಹಿತ್ತಲಿಗೆ ಹೋಗಿ ಒಬ್ಬಳೇ ಅತ್ತುಬಿಟ್ಟೆ.

ಶುಕ್ರವಾರದಿಂದ ಜಾತ್ರೆಯಂತೆ ಜನ. ಕರೆಂಟು ಕೊಡಿಸಿಕೊಂಡವಳನ್ನು ನೋಡಬೇಕೆಂಬ ಆಸೆ ಯಾರಿಗಿಲ್ಲ? ಮರೆವು ಬರುತ್ತದೆ ಎಂಬ ಮಾತು ಹೇಗೋ ಹೊರಬಿದ್ದಿತ್ತು. ಒಬ್ಬೊಬ್ಬರೂ ಅವಳೆದುರು ಮುಖ ಚಾಚಿ ಕೂತು ನಾ ಯಾರು ಹೇಳು ಎನ್ನತೊಡಗಿದರು. ಹೆಸರು ಹೇಳಿದರೆ ಸಾಲದು, ಸಂಬಂಧವನ್ನೂ ಹೇಳಬೇಕು. ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ, ಅತ್ತೆಯ ಮಗನಿಗೆ ಮಾವನ ಮಗಳನ್ನು ತಂದುಕೊಂಡು, ಒಬ್ಬೊಬ್ಬರು ಮೂರು ಕಡೆಯಿಂದ ಮೂರು ಸಂಬಂಧವಾಗಿರುತ್ತಾರೆ. ಲಚ್ಚಮ್ಮನವರು ಅತ್ತೆಯ ಕಡೆಯಿಂದ ದೊಡ್ಡತ್ತೆ, ಮಾವನ ಕಡೆಯಿಂದ ಬೀಗತಿ, ಇನ್ನೊಂದು ಕಡೆಯಿಂದ ನನಗೇ ವರಸೆಯಲ್ಲಿ ಚಿಕ್ಕಮ್ಮ. ತಲೆ ನೆಟ್ಟಗಿದ್ದಾಗಲೂ ನನಗೆ ಇದು ಬರಾಬರ್ ತಿಳಿದದ್ದಿಲ್ಲ. ಚಂದ್ರಾ ಅವರನ್ನು ಬಹಳ ಹೊತ್ತು ನೋಡಿ, ಎಲ್ಲಿಯೋ ನೋಡಿದ್ದೇನೆ ಎಂದಳು. ಲಚ್ಚಮ್ಮನವರ ಮುಖ ಕಪ್ಪಿಟ್ಟಿತು.

ನರಸಿಂಹುಲುವನ್ನೂ ಮರೆತಿದ್ದಳು. ನಾರಾಯಣಖೇಡಕ್ಕೆ ಹೋದದ್ದು ನೆನಪಿರಲಿಲ್ಲ. ಸಕ್ಕರೆಯ ಡಬ್ಬಿ ಗೋಡೆಯ ಯಾವ ಮಾಡದಲ್ಲಿದೆ ಎಂಬುದನ್ನು ಮರೆತದ್ದು ತಿಳಿದಾಗ ಅತ್ತೆ ಹಣೆ ಚಚ್ಚಿಕೊಂಡರು. ಹಾಗೆ ಮರೆತವಳು ಅದೇ ದಿನ ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈ ಚಾಚಿದ್ದನ್ನು, ಕರು ಬಾಲ ಎತ್ತಿ ಓಡಿದ್ದನ್ನು ನೋಡಿ ಸಣ್ಣಗೆ ನಕ್ಕದ್ದನ್ನು ನಾನೊಬ್ಬಳೇ ನೋಡಿದೆ. ಎಲ್ಲರಿಗೂ ಕೂಗಿ ಹೇಳಿದೆ. ಕಟ್ಟೆಯ ಮೇಲೆ ತೀರ್ಮಾನ ಆಗಲೇ ಆಗಿತ್ತು: ಕರೆಂಟು ಹುಡುಗಿಯ ತಲೆಯಲ್ಲಿದ್ದ ಬಂಧುಬಳಗವನ್ನೆಲ್ಲ ಸುಟ್ಟುಹಾಕಿದೆ, ಮೊದಲೇ ಚೆನ್ನಾಗಿದ್ದಳು, ಇನ್ನು ಹೈದರಾಬಾದಿನ ಹೆಸರೆತ್ತಬಾರದು.

ಭಾನುವಾರ ಮಧ್ಯಾಹ್ನ ಎಲ್ಲರೂ ಕೂತಿದ್ದಾಗ ಚಂದ್ರಾ ಪಡಸಾಲೆಗೆ ಬಂದು ಈಶಪ್ಪನ ಎದುರು ನಿಂತಳು. ನಾಳೆ ಸೋಮವಾರ, ಹೋಗಬೇಕು ಎಂದಳು. ಅಪ್ಪ ಬೇಡ ಅಂದಿದ್ದಾನೆ ಎಂದು ಅವನು ಮೆಲ್ಲಗೆ ಹೇಳಿದ.

“ನನಗ ಬೇಕಾಗ್ಯದರಿ” ಎಂದಳು ಚಂದ್ರಾ. ಧ್ವನಿ ಏರಲಿಲ್ಲ. “ಎರಡು ವರ್ಷ ನನಗ ಏನೂ ಬೇಕನಸಿಲ್ಲ. ಈಗ ಬದುಕಬೇಕಂತ ಸ್ವಲ್ಪ ಅನಸ್ಲತ್ತದ. ಅದು ಹೋಗೋದ್ರಾಗ ನಾ ಹೋಗ್ಬೇಕು.”

ನನ್ನ ಕಣ್ಣು ತುಂಬಿ ಬಂದವು. ಉಳಿದವರಿಗೆ ಬದುಕು ಎಂಬ ಮಾತು ಕೇಳಿಸಲಿಲ್ಲ, ಬೇಕು ಎಂಬುದಷ್ಟೇ ಕೇಳಿಸಿತು. ಗಂಡಸರು ಕೂತಲ್ಲಿ ಬಂದು, ತಲೆಯ ಮೇಲೆ ಸೆರಗಿಲ್ಲದೆ, ಸೊಸೆಯಾದವಳು ‘ಬೇಕು’ ಎಂದಳು. ನೋಡಿದಿರಾ, ರೋಗ ಎಷ್ಟು ಹೆಚ್ಚಾಗಿದೆ ಎಂದು ಲಚ್ಚಮ್ಮ ಪಿಸುಗುಟ್ಟಿದರು. ಎರಡು ವರ್ಷ ಹೂಂ ಅಂದುಕೊಂಡಿದ್ದವಳು ಈಗ ಹುಚ್ಚಿಯಾದಳು ಎಂದು ಅತ್ತೆ ನಿಜವಾಗಿಯೇ ಅತ್ತರು. ಮಾವ ಎದ್ದು ಹೊಲಕ್ಕೆ ಹೋದರು, ಮಾತು ಮುಗಿಯಿತು ಎಂಬುದಕ್ಕೆ ನಮ್ಮ ಮನೆಯಲ್ಲಿ ಅದೇ ಗುರುತು.

ಸೋಮವಾರ ಬೆಳಿಗ್ಗೆ ಅವಳು ಮಿಂದು, ಅಣ್ಣ ತಂದ ಸೀರೆ ಉಟ್ಟು, ಕೈಚೀಲ ಹಿಡಿದು, ಎಲ್ಲರೂ ನೋಡುತ್ತಿದ್ದಂತೆ ಅಂಗಳ ದಾಟಿದಳು. ಯಾರೂ ತಡೆಯಲಿಲ್ಲ, ಬೇಡವೆಂದ ಮೇಲೂ ಸೊಸೆ ಹೊರಟರೆ ಹೇಗೆ ತಡೆಯಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ, ಅಂಥದ್ದು ನಮ್ಮ ಮನೆಯಲ್ಲಿ ನಡೆದದ್ದೇ ಇಲ್ಲ. ನಾನು ಒಲೆಯ ಮೇಲಿನ ಚಹಾ ಇಳಿಸಿಟ್ಟು ಹಿಂದೆಯೇ ಓಡಿದೆ. ಬಸ್ಸು ನಿಂತಿತ್ತು. ಅವಳು ಹತ್ತಿದಳು, ಬಸ್ಸಿನವರೆಗೆ ಮಾತ್ರ ಬಂದವಳು ನಾನೂ ಹತ್ತಿಬಿಟ್ಟೆ. ಈಶಪ್ಪ ಬಂದು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಅಪ್ಪ ಬ್ಯಾಡಂದಾನ ಎಂದ.

“ಬರೂದಿದ್ರ ಬರ್ರಿ, ಇಲ್ಲಂದ್ರ ಇಳೀರಿ. ಬಸ್ಸ ಹೊಂಟದ” ಎಂದಳು ಚಂದ್ರಾ.

ಅವನು ಮನೆಯ ದಿಕ್ಕಿಗೆ ಒಮ್ಮೆ ನೋಡಿದ, ಅವಳ ಮುಖ ಒಮ್ಮೆ ನೋಡಿದ. ಅಷ್ಟರಲ್ಲಿ ಡ್ರೈವರ್ ಗಾಡಿ ಎಳೆದ, ಈಶಪ್ಪ ಒಳಗಾದ. ಅವನ ಜೀವನದ ಮೊದಲ ನಿರ್ಧಾರವನ್ನು ಹೀಗೆ ಡ್ರೈವರ್ ಮಾಡಿಕೊಟ್ಟ. ಆದರೂ ಇಳಿಯುತ್ತೇನೆ ಎಂದು ಅವನು ಕೂಗಲಿಲ್ಲ, ಅದನ್ನು ಅವನ ಲೆಕ್ಕಕ್ಕೆ ಹಾಕಲೇಬೇಕು. ಬಂದು ನಮ್ಮ ಹಿಂದಿನ ಸೀಟಿನಲ್ಲಿ ಕೂತ.

ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದ. ಈಗ ಜಹೀರಾಬಾದಿಗೆ ಕೊಡು, ಅಲ್ಲಿಂದ ಹೈದರಾಬಾದಿಗೆ, ತಲೆಯ ದವಾಖಾನೆಗೆ, ಕರೆಂಟು ಕೊಡಿಸಿಕೊಳ್ಳುವುದಿದೆ ಎಂದು ಚಂದ್ರಾ ಸ್ಪಷ್ಟವಾಗಿ ಹೇಳಿದಳು. ತಲೆನೋವು ಎಂದರೆ ಸಾಕಾಗಿತ್ತು. ಬಸ್ಸಿನ ತುಂಬ ಇದ್ದ ನಮ್ಮ ಕಡೆಯವರೆಲ್ಲ ಮಾತು ನಿಲ್ಲಿಸಿ ತಿರುಗಿ ನೋಡಿದರು. ಈಶಪ್ಪ ತಲೆ ತಗ್ಗಿಸಿದ. ನನಗೂ ನಾಚಿಕೆಯಾಯಿತು.

ಸ್ವಲ್ಪ ಹೊತ್ತಿನ ಮೇಲೆ ಮುಂದಿನ ಸೀಟಿನಲ್ಲಿದ್ದ ಒಬ್ಬ ಹೆಂಗಸು ಮೆಲ್ಲಗೆ ಹಿಂದೆ ತಿರುಗಿದಳು. ಗುರುತಿಲ್ಲದ ಮುಖ, ನಮಗೆ ಯಾವ ಕಡೆಯಿಂದಲೂ ಸಂಬಂಧವಿಲ್ಲದವಳು. ತನ್ನ ಮಗ ಒಂದು ವರ್ಷದಿಂದ ಕೋಣೆ ಬಿಟ್ಟು ಹೊರಗೆ ಬರುತ್ತಿಲ್ಲ, ಗುಳಿಗೆ ನುಂಗಿಸಿ ನುಂಗಿಸಿ ಸಾಕಾಗಿದೆ, ಯಾರಿಗೂ ಹೇಳಿಲ್ಲ ಎಂದಳು. ಕರೆಂಟು ಕೊಟ್ಟರೆ ಬಹಳ ನೋಯುತ್ತದೆಯೇ ಎಂದು ಕೇಳಿದಳು. ಆಚೆ ಬದಿಯ ಸೀಟಿನಲ್ಲಿದ್ದ ಮುದುಕನೊಬ್ಬ ಇತ್ತ ಕಿವಿ ಕೊಟ್ಟದ್ದನ್ನು ನಾನು ನೋಡಿದೆ.

ಚಂದ್ರಾ ಮುಂದಕ್ಕೆ ಬಾಗಿ ಅವಳ ಕೈ ಹಿಡಿದುಕೊಂಡಳು.

“ನೋಯಂಗಿಲ್ಲರಿ. ಒಂದು ಸೂಜಿ ಮಾಡ್ತಾರ, ನಿದ್ದಿ ಹತ್ತತದ. ಎದ್ದ ಮ್ಯಾಲೆ ತಲಿ ಭಾರ ಇರ್ತದ, ಎಷ್ಟೋ ನೆನಪಿರಂಗಿಲ್ಲ. ಅಲ್ಲಿ ಡಾಕ್ಟರು, ನಾ ಯಾರು ಹೇಳು ಅಂತ ಕೇಳಂಗಿಲ್ಲ. ಹತ್ತಿರ ಬಂದು, ನಿನ್ನ ಹೆಸರೇನವ್ವಾ ಅಂತ ಕೇಳ್ತಾರ. ಅದೊಂದು ಹೇಳಿದ್ರ ಸಾಕು.”